ಜೀಪಿಗೆ ಮನೆಯ ಬಯೋಡೀಸೆಲ್: ಕರಾವಳಿಯಲ್ಲಿ ನೀರಿನ ಜೊತೆ ಗುದ್ದಾಟ

ಹೋಟೆಲಿನ ಕರಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಿ ಜೀಪು ಓಡಿಸುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಕೆಮಿಕಲ್ ಬಗ್ಗೆ. ಆ ಭಾಗ ಅಷ್ಟೇನೂ ಕಷ್ಟದ್ದಲ್ಲ. ಎಣ್ಣೆಗೆ ಮೆಥನಾಲ್ ಅನ್ನುವ ಆಲ್ಕೊಹಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿದರೆ ದಪ್ಪ ಎಣ್ಣೆ ಒಡೆದು ತೆಳ್ಳನೆಯ ಬಯೋಡೀಸೆಲ್ ಮತ್ತು ಗ್ಲಿಸರಿನ್ ಆಗುತ್ತದೆ. ಎಣ್ಣೆಯಲ್ಲಿ ನೀರು, ಹುಳಿ ಇದ್ದರೆ ಮಾತ್ರ ಬಯೋಡೀಸೆಲ್ ಬದಲು ಸೋಪಾಗುತ್ತದೆ. ಅಳತೆ ಸರಿ ಇದ್ದರೆ ಅದರಷ್ಟಕ್ಕೆ ಆಗುತ್ತದೆ. ನಮ್ಮ ಕುಮಟಾ, ಅಂಕೋಲಾ, ಕಾರವಾರದ ಕಡೆ ನಿಜವಾದ ಕೆಲಸ ಇರುವುದು ನೀರು ತೆಗೆಯುವುದರಲ್ಲಿ. ಎಣ್ಣೆಯಲ್ಲಿ ನೀರು, ಗಾಳಿಯಲ್ಲಿ ನೀರು, ಕೊನೆಗೆ ತೊಳೆಯಲಿಕ್ಕೂ ನೀರೇ ಬೇಕು. ಬಯಲುಸೀಮೆಯವರು ಹೇಳಿಕೊಡುವ ಪಾಠದಲ್ಲಿ ಇದಕ್ಕೆ ಅಷ್ಟು ಜಾಗ ಇರುವುದಿಲ್ಲ. ಹಾಗಾಗಿ ನಾನು ಅದನ್ನೇ ಜಾಸ್ತಿ ಬರೆಯುತ್ತೇನೆ.

ಮೊದಲು ಗಾಡಿಯ ವಿಷಯ. ನನ್ನದು ಹಳೆಯ ಮಹೀಂದ್ರ ಎಂಎಂ 540, ಪ್ಯೂಜೊ ಡೀಸೆಲ್ ಎಂಜಿನ್. ಇಂಡೈರೆಕ್ಟ್ ಇಂಜೆಕ್ಷನ್, ಅಂದರೆ ಇಂಧನ ನೇರ ಸಿಲಿಂಡರಿಗೆ ಬೀಳದೆ ಪಕ್ಕದ ಸಣ್ಣ ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ. ಇಂಥ ಎಂಜಿನ್ನು ಇಂಧನದ ವಿಷಯದಲ್ಲಿ ಹೆಚ್ಚು ತಕರಾರು ಮಾಡುವುದಿಲ್ಲ. ಹಳೆಯ ಡೀಸೆಲ್ ಇಂಡಿಕಾ ಕೂಡ ಇದೇ ಜಾತಿ. ತುಂಬಾ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಹೊಸ ಕಾಮನ್ ರೇಲ್ ಕಾರಿಗೆ ಮನೆಯಲ್ಲಿ ಮಾಡಿದ್ದನ್ನು ದಯವಿಟ್ಟು ಹಾಕಬೇಡಿ. ಅದರ ಪಂಪು, ಇಂಜೆಕ್ಟರು ತುಂಬಾ ಸೂಕ್ಷ್ಮ. ಬಿಎಸ್ 6 ಗಾಡಿಗಳಲ್ಲಿ ಹೊಗೆಯ ಫಿಲ್ಟರ್ ಸುಟ್ಟು ಸ್ವಚ್ಛ ಮಾಡಲು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತಾರೆ. ಬಯೋಡೀಸೆಲ್ ಡೀಸೆಲ್ಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಎಂಜಿನ್ ಆಯಿಲ್ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ.

ಎಣ್ಣೆಯನ್ನು ಹಾಗೇ ಸುರಿದರೆ ಆಗದಾ ಅಂತ ಕೇಳುವವರೂ ಇದ್ದಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿದ್ದು ನಿಜ. ಆದರೆ ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ದಪ್ಪ. ಇಂಜೆಕ್ಟರಿನಿಂದ ಮಂಜಿನ ಹಾಗೆ ಹೊರಡಬೇಕಾದದ್ದು ಹನಿಯಾಗಿ ಬೀಳುತ್ತದೆ, ಪೂರ್ತಿ ಉರಿಯುವುದಿಲ್ಲ, ಇಂಜೆಕ್ಟರಿನ ತುದಿಗೆ ಕಿಟ್ಟ ಕಟ್ಟುತ್ತದೆ, ಪಿಸ್ಟನ್ ರಿಂಗ್ ಅಂಟುತ್ತದೆ. ಹಾಗೇ ಓಡಿಸುವವರು ಎರಡು ಟ್ಯಾಂಕ್ ಇಟ್ಟುಕೊಂಡು, ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡಿ, ಎಣ್ಣೆಯನ್ನು ರೇಡಿಯೇಟರಿನ ಬಿಸಿನೀರಿನಿಂದ ಕಾಯಿಸಿ ಆಮೇಲೆ ಬಿಡುತ್ತಾರೆ. ಗಾಡಿ ಬದಲಿಸುವುದಕ್ಕಿಂತ ಎಣ್ಣೆಯನ್ನೇ ಬದಲಿಸುವುದು ನನಗೆ ಸರಿ ಕಂಡಿತು.

ಎಣ್ಣೆ ತರುವಲ್ಲೇ ಅರ್ಧ ಕೆಲಸ ನಿರ್ಧಾರವಾಗುತ್ತದೆ. ಹಸಿ ಪದಾರ್ಥ ಕರಿದಷ್ಟೂ ಎಣ್ಣೆಗೆ ನೀರು ಸೇರುತ್ತದೆ. ಆ ನೀರು ಬಿಸಿಯಲ್ಲಿ ಎಣ್ಣೆಯನ್ನು ಒಡೆದು ಹುಳಿ ಮಾಡುತ್ತದೆ, ಅಂದರೆ ಫ್ರೀ ಫ್ಯಾಟಿ ಆಸಿಡ್ ಹೆಚ್ಚುತ್ತದೆ. ಮೀನು ಕರಿದ ಎಣ್ಣೆಯಲ್ಲಿ ಇದು ಜೋರು. ಮೇಲಿಂದ ರವೆ ಬೇರೆ ತಳಕ್ಕೆ ಕೂತಿರುತ್ತದೆ. ಬನ್ಸ್, ಪೂರಿ ಮಾಡುವ ಹೋಟೆಲಿನ ಎಣ್ಣೆ ಎಷ್ಟೋ ವಾಸಿ. ಶಿರಸಿ ಮಾರಿಕಾಂಬಾ ಜಾತ್ರೆಯ ಮಿರ್ಚಿ ಬಜೆ ಅಂಗಡಿಗಳಿಂದಲೂ ತಂದು ನೋಡಿದ್ದೇನೆ. ರಾಶಿ ಎಣ್ಣೆ ಸಿಗುತ್ತದೆ, ಆದರೆ ರಾತ್ರಿಯಿಡೀ ಕಾದು ಕಪ್ಪಾದ ಎಣ್ಣೆ ಅದು.

ನಾನು ಕಾಯಂ ಎಣ್ಣೆ ತರುವ ಹೋಟೆಲಿನ ಅಕ್ಕ ಮೊದಲ ಸಲ ಕೇಳಿದ್ದರು, "ತಮಾ, ಈ ಕರಕಲು ಎಣ್ಣೆ ತಕಂಡು ಎಂತ ಮಾಡ್ತ್ಯೋ?" ಜೀಪಿಗೆ ಹಾಕ್ತೇನೆ ಅಕ್ಕ ಅಂದೆ. ಈಗ ಅವರೇ ಎಣ್ಣೆ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಬಾಯಿ ಬಿಗಿದು ಇಡುತ್ತಾರೆ. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್, ಅಂದರೆ ಕಾದು ಕಾದು ಎಣ್ಣೆ ಕೆಟ್ಟು ಆಗುವ ಪದಾರ್ಥಗಳು, 25% ದಾಟಿದರೆ ಮತ್ತೆ ಅಡುಗೆಗೆ ಬಳಸುವಂತಿಲ್ಲ ಅಂತ 2018ರಿಂದ ನಿಯಮ ಇದೆ. ಆದರೂ ಒಂದು ಕಡೆ ಕಪ್ಪಾದ ಎಣ್ಣೆ ಕಡಿಮೆ ರೇಟಿಗೆ ಇನ್ನೊಂದು ಬಾಣಲೆ ಸೇರುವ ಚಾಳಿ ಇದೆ. ಅದು ನಮ್ಮ ಮಕ್ಕಳ ಹೊಟ್ಟೆಗೆ ಹೋಗುವ ಬದಲು ಎಂಜಿನ್ನಿಗೆ ಹೋಗಲಿ ಅನ್ನುವುದೇ ನಾನು ಈ ಕೆಲಸ ಬಿಡದೆ ಮಾಡಲು ದೊಡ್ಡ ಕಾರಣ.

ತಂದ ಎಣ್ಣೆಯನ್ನು ಡ್ರಮ್ಮಿನಲ್ಲಿ ಕೆಲವು ದಿನ ಅಲುಗಿಸದೆ ಬಿಡುತ್ತೇನೆ. ಆಮೇಲೆ 60 ಡಿಗ್ರಿಗೆ ಕಾಯಿಸಿ ರಾತ್ರಿಯಿಡೀ ಕೂರಿಸಿದರೆ ನೀರು ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಕೆಳಗಿನ ನಲ್ಲಿ ಬಿಟ್ಟು ಅದನ್ನು ತೆಗೆಯುವುದು. ಉಳಿದ ತೇವಕ್ಕೆ 100 ಡಿಗ್ರಿ ದಾಟಿಸಿ, ಕಲಕುತ್ತಾ ಗುಳ್ಳೆ ನಿಲ್ಲುವವರೆಗೆ ಕಾಯಿಸುತ್ತೇನೆ. ತಳದ ನೀರು ತೆಗೆಯದೆ ಈ ಬಿಸಿಗೆ ಹೋದರೆ ಅದು ಒಮ್ಮೆಲೇ ಆವಿಯಾಗಿ ಕಾದ ಎಣ್ಣೆಯನ್ನು ಮೇಲೆ ಹಾರಿಸುತ್ತದೆ, ಜೋಪಾನ. ಒಣಗಿದೆಯಾ ಅಂತ ನೋಡಲು ಒಂದು ಚಮಚ ಎಣ್ಣೆ ಒಗ್ಗರಣೆ ಸೌಟಿಗೆ ಹಾಕಿ ಕಾಯಿಸುತ್ತೇನೆ. ಚಟಪಟ ಅಂದರೆ ಇನ್ನೂ ನೀರಿದೆ.

ಇನ್ನು ಹುಳಿ ಅಳೆಯುವುದು. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿಟ್ಟುಕೊಳ್ಳಬೇಕು. 10 ಮಿಲಿ ಐಸೋಪ್ರೊಪೈಲ್ ಆಲ್ಕೊಹಾಲಿಗೆ 1 ಮಿಲಿ ಎಣ್ಣೆ ಬೆರೆಸಿ, ಬಣ್ಣ ತೋರಿಸಲು ಫಿನಾಲ್ಫ್ಥಲೀನ್ ಹಾಕಬೇಕು. ನಾನು ಅದರ ಬದಲು ಅರಿಶಿನ ಬಳಸುತ್ತೇನೆ. ಆರತಿಗೆ ಅರಿಶಿನ-ಸುಣ್ಣ ಕಲಸಿದಾಗ ನೀರು ಕೆಂಪಾಗುತ್ತದಲ್ವಾ, ಇಲ್ಲಿ ನಡೆಯುವುದೂ ಅದೇ. ಹುಳಿ ಇರುವವರೆಗೆ ಹಳದಿ, ಕಾಸ್ಟಿಕ್ ಮೇಲುಗೈ ಆದ ಕೂಡಲೇ ಕೆಂಪು. ಸಿರಿಂಜಿನಿಂದ ಕಾಸ್ಟಿಕ್ ನೀರನ್ನು ಹನಿ ಹನಿಯಾಗಿ ಬಿಟ್ಟು ಬಟ್ಟಲು ಆಡಿಸುತ್ತಾ ಹೋಗುವುದು. ಮೊದಲು ಹನಿ ಬಿದ್ದಲ್ಲಿ ಮಾತ್ರ ಕೆಂಪಾಗಿ ಕರಗಿ ಹೋಗುತ್ತದೆ. ಆಮೇಲೆ ಒಂದು ಹನಿಗೆ ಇಡೀ ಬಟ್ಟಲು ಕೆಂಪಾಗಿ, ಅರ್ಧ ನಿಮಿಷ ಹಾಗೇ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ ಎಷ್ಟು ಮಿಲಿ ಹೋಯಿತು ನೋಡಬೇಕು. ಹೊಸ ಎಣ್ಣೆಗೆ ಲೀಟರಿಗೆ 3.5 ಗ್ರಾಂ ಕಾಸ್ಟಿಕ್ ಬೇಕು, ಅದಕ್ಕೆ ಈ ಮಿಲಿಯನ್ನು ಗ್ರಾಂ ಅಂತ ಕೂಡಿಸುವುದು. 2 ಮಿಲಿ ಹೋದರೆ ಲೀಟರಿಗೆ 5.5 ಗ್ರಾಂ. 40 ಲೀಟರ್ ಎಣ್ಣೆಗೆ 220 ಗ್ರಾಂ. ಮೆಥನಾಲ್ ಎಣ್ಣೆಯ ಐದನೇ ಒಂದು ಪಾಲು, ಅಂದರೆ 8 ಲೀಟರ್. ಹುಳಿಯ ಲೆಕ್ಕ ತೀರಾ ಮೇಲೆ ಹೋದರೆ ಅಂಥ ಎಣ್ಣೆ ನಾನು ಮುಟ್ಟುವುದಿಲ್ಲ, ಮುಕ್ಕಾಲು ಸೋಪಾಗುತ್ತದೆ. ನಮ್ಮ ಸಮುದ್ರದ ಬದಿಯ ಹೊನ್ನೆಕಾಯಿ ಎಣ್ಣೆಗೂ ಇದೇ ತೊಂದರೆ. ಹಿಂದೆ ದೀಪಕ್ಕೆ ಉರಿಸುತ್ತಿದ್ದ ಒಳ್ಳೆಯ ಎಣ್ಣೆ ಅದು, ಆದರೆ ಹುಳಿ ಜಾಸ್ತಿ. ಮೊದಲು ಸಲ್ಫ್ಯೂರಿಕ್ ಆಸಿಡ್ ಹಾಕಿ ಒಂದು ಸುತ್ತು ಮಾಡಿಕೊಳ್ಳದೆ ಬಗ್ಗುವುದಿಲ್ಲ.

ಕಾಸ್ಟಿಕ್ ಸೋಡಾ ತೂಗುವಾಗ ಕರಾವಳಿಯ ಗಾಳಿ ಕೈಕೊಡುತ್ತದೆ. ಡಬ್ಬಿ ತೆರೆದಿಟ್ಟು ಮಾತಾಡುತ್ತಾ ನಿಂತರೆ ಚಕ್ಕೆಗಳು ಬೆವರಿ ಅಂಟಿಕೊಳ್ಳುತ್ತವೆ. ಆಗ ತೂಕವೂ ಸುಳ್ಳು, ನೀರೂ ಒಳಗೆ. ಅದಕ್ಕೇ ಒಣ ಮಧ್ಯಾಹ್ನ ನೋಡಿ, ಬೇಗ ತೂಗಿ, ಮುಚ್ಚಳ ಬಿಗಿದುಬಿಡುತ್ತೇನೆ. ಅಲ್ಯುಮಿನಿಯಂ ಪಾತ್ರೆ ಮಾತ್ರ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ.

ಮೆಥನಾಲ್ ವಿಷ. ಕುಡಿದರಷ್ಟೇ ಅಲ್ಲ, ಆವಿ ಎಳೆದುಕೊಂಡರೂ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಕಣ್ಣು ಹೋಗುತ್ತದೆ. ಹಗಲಲ್ಲಿ ಅದರ ಬೆಂಕಿ ಕಾಣುವುದೂ ಇಲ್ಲ. ಕೈಗವಸು, ಕನ್ನಡಕ, ತೆರೆದ ಅಂಗಳ, ಹತ್ತಿರ ಒಲೆ-ಬೀಡಿ ಇಲ್ಲ, ಮಕ್ಕಳಿಲ್ಲ. ಇಷ್ಟು ಆಗದಿದ್ದರೆ ಈ ಕೆಲಸವೇ ಬೇಡ. ಕಾಸ್ಟಿಕ್ಕನ್ನು ಮೆಥನಾಲಿನಲ್ಲಿ ಮುಚ್ಚಿದ ಗಟ್ಟಿ ಪ್ಲಾಸ್ಟಿಕ್ ಕ್ಯಾನಿನಲ್ಲೇ ಕರಗಿಸುವುದು. ಎಣ್ಣೆ 55 ಡಿಗ್ರಿಯಲ್ಲಿರಬೇಕು. 65ರ ಹತ್ತಿರ ಮೆಥನಾಲ್ ಕುದಿಯುತ್ತದೆ. ಕಾಯಿಸಲು ಕರೆಂಟ್ ಕಾಯಿಲ್, ಬೆಂಕಿ ಅಲ್ಲ. ಒಂದೆರಡು ತಾಸು ಪಂಪಿನಲ್ಲಿ ತಿರುಗಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಕಪ್ಪು ಗ್ಲಿಸರಿನ್, ಮೇಲೆ ಹೊಂಬಣ್ಣದ ಬಯೋಡೀಸೆಲ್. ಪೂರ್ತಿ ಆಗಿದೆಯಾ ನೋಡಲು 27 ಮಿಲಿ ಮೆಥನಾಲಿಗೆ 3 ಮಿಲಿ ಬಯೋಡೀಸೆಲ್ ಹಾಕಿ ಅಲುಗಿಸುತ್ತೇನೆ. ಎಲ್ಲ ಕರಗಿ ತಿಳಿಯಾದರೆ ಸರಿ. ತಳದಲ್ಲಿ ಎಣ್ಣೆಯ ಗುಂಡು ಕೂತರೆ ಅಷ್ಟು ಎಣ್ಣೆ ಇನ್ನೂ ಎಣ್ಣೆಯಾಗಿಯೇ ಇದೆ, ಮತ್ತೊಮ್ಮೆ ಸ್ವಲ್ಪ ಮೆಥನಾಲ್-ಕಾಸ್ಟಿಕ್ ಬೇಕು.

ಸೋಪು, ಉಳಿದ ಕಾಸ್ಟಿಕ್ ಹೋಗಲು ನೀರಿನಿಂದ ತೊಳೆಯಬೇಕು. ಇದಕ್ಕೆ ಮಳೆನೀರಿನಷ್ಟು ಒಳ್ಳೆಯದು ಬೇರೆ ಇಲ್ಲ, ಗಡಸಿಲ್ಲ. ಹೆಂಚಿನಿಂದ ಇಳಿದದ್ದನ್ನು ಸೋಸಿ ಡ್ರಮ್ ತುಂಬಿಡುತ್ತೇನೆ. ಮೊದಲ ಸುತ್ತು ತುಂತುರಾಗಿ ಸಿಂಪಡಿಸುವುದು, ಜೋರಾಗಿ ಕಲಕಿದರೆ ಬಯೋಡೀಸೆಲ್-ಸೋಪು-ನೀರು ಸೇರಿ ಬಿಳಿ ಮೊಸರಾಗಿ ಕೂರುತ್ತದೆ. ಕೆಳಗಿನ ನೀರು ತಿಳಿಯಾಗುವವರೆಗೆ ತೊಳೆದರೆ ಆಯಿತು.

ಆಮೇಲೆ ಒಣಗಿಸುವುದು. ಬಯೋಡೀಸೆಲ್ ಡೀಸೆಲ್‌ಗಿಂತ ಎಷ್ಟೋ ಜಾಸ್ತಿ ನೀರನ್ನು ಒಳಗೇ ಹಿಡಿದುಕೊಳ್ಳುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ತೊಂದರೆಯಿಲ್ಲ. ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಬಿಸಿಲಿಗಿಟ್ಟು ಸಣ್ಣ ಪಂಪಿನಿಂದ ಮೇಲಿಂದ ಸುರಿಯುವ ಹಾಗೆ ಮಾಡಿದರೆ ಸಂಜೆಗೆ ತಿಳಿಯಾಗುತ್ತದೆ. ಗಾಜಿನ ಬಾಟಲಿಯಲ್ಲಿ ತುಂಬಿ ಹಿಂದೆ ಪೇಪರ್ ಹಿಡಿದರೆ ಸಣ್ಣ ಅಕ್ಷರ ಓದಲು ಬರಬೇಕು. ಜೂನ್ ಬಂತೆಂದರೆ ಗಾಳಿಯೇ ಒದ್ದೆ. ಬಿಸಿ ಮಾಡಿ ಒಣಗಿಸಿದರೂ ಆರುವಾಗ ಮತ್ತೆ ತೇವ ಎಳೆದುಕೊಳ್ಳುತ್ತದೆ. ಆದ್ದರಿಂದ ಮಳೆಗಾಲದಲ್ಲಿ ನಾನು ಮಾಡುವುದೇ ಇಲ್ಲ. ಮೇ ತಿಂಗಳಲ್ಲಿ ಮಾಡಿದ್ದನ್ನು ಕ್ಯಾನಿನ ಕತ್ತಿನವರೆಗೆ ತುಂಬಿ, ಗಾಳಿಗೆ ಜಾಗ ಬಿಡದೆ, ನೆರಳಲ್ಲಿಟ್ಟು, ಹಳತಾಗುವ ಮೊದಲೇ ಡೀಸೆಲ್ಲಿಗೆ ಬೆರೆಸಿ ಮುಗಿಸುತ್ತೇನೆ. ಅರ್ಧ ಖಾಲಿ ಕ್ಯಾನಿನಲ್ಲಿ ಬೆವರು ಇಳಿದು, ನೀರು ಮತ್ತು ಇಂಧನ ಸೇರುವ ಜಾಗದಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ಜೀಪಿನ ಟ್ಯಾಂಕನ್ನೂ ಮಳೆಗಾಲದಲ್ಲಿ ತುಂಬಿಯೇ ಇಡುತ್ತೇನೆ, ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿ ನೀರು ಬಿಡುವುದನ್ನು ವಾರಕ್ಕೊಮ್ಮೆ ತಪ್ಪಿಸುವುದಿಲ್ಲ.

ಗಾಡಿಯಲ್ಲಿ ಬದಲಿಸಿದ್ದು ಕಡಿಮೆ. ಹಳೆಯ ರಬ್ಬರ್ ಪೈಪುಗಳನ್ನು ಬಯೋಡೀಸೆಲ್ ಮೆತ್ತಗೆ ಮಾಡುತ್ತದೆ, ಅದಕ್ಕೆ ಜಗ್ಗದ ವಿಟಾನ್ ರಬ್ಬರಿನ ಪೈಪು ಹಾಕಿಸಿದೆ. ಬಯೋಡೀಸೆಲ್ ಟ್ಯಾಂಕಿನ ಹಳೆಯ ಕೆಸರನ್ನೆಲ್ಲ ಕಿತ್ತು ತರುವುದರಿಂದ ಶುರುವಿನಲ್ಲಿ ಫಿಲ್ಟರ್ ಬೇಗ ಕಟ್ಟುತ್ತದೆ, ಒಂದು ಹೆಚ್ಚಿಗೆ ಗಾಡಿಯಲ್ಲೇ ಇಟ್ಟುಕೊಂಡಿರಬೇಕು. ಮೈಲೇಜ್ ಸ್ವಲ್ಪ ಕಡಿಮೆ, ಹೊಗೆ ನೋಡಿದರೆ ಗೊತ್ತಾಗುವಷ್ಟು ಕಡಿಮೆ. ಹೋಟೆಲಿನವರು ಬಳಸುವುದು ಹೆಚ್ಚಾಗಿ ಪಾಮ್ ಎಣ್ಣೆ. ಅದರ ಬಯೋಡೀಸೆಲ್ ಚಳಿಗೆ ಮಬ್ಬಾಗಿ ಫಿಲ್ಟರಿನಲ್ಲಿ ಕೂರುತ್ತದೆ. ಕರಾವಳಿಯಲ್ಲಿ ಇದರ ಚಿಂತೆಯಿಲ್ಲ. ಡಿಸೆಂಬರಿನಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಯಲ್ಲಿ ರಾತ್ರಿ ಉಳಿಯುವುದಿದ್ದರೆ ಮಾತ್ರ ಅರ್ಧಕ್ಕಿಂತ ಜಾಸ್ತಿ ಡೀಸೆಲ್ ತುಂಬಿಸಿಕೊಂಡೇ ಹೊರಡುತ್ತೇನೆ.

ತೊಳೆದ ನೀರನ್ನು ಬಾವಿಯಿಂದ ದೂರದ ಗುಂಡಿಗೆ ಬಿಡಬೇಕು, ಗದ್ದೆಗಾಗಲಿ ಹಳ್ಳಕ್ಕಾಗಲಿ ಅಲ್ಲ. ಗ್ಲಿಸರಿನ್ನಿನಲ್ಲಿ ಮೆಥನಾಲ್ ಉಳಿದಿರುತ್ತದೆ. ಮನೆಯಿಂದ ದೂರ, ಬಿಸಿಲಿನಲ್ಲಿ ಬಹಳ ದಿನ ತೆರೆದಿಟ್ಟ ಮೇಲೆ ಗ್ಯಾರೇಜಿನ ಗ್ರೀಸ್ ನೆಲ ತೊಳೆಯಲು ಬಳಸುತ್ತೇನೆ. ಊರಿನ ರಿಕ್ಷಾದವರು, ಬೋಟಿನವರು ಕೊಂಡುಕೊಳ್ಳುತ್ತೇವೆ ಅಂತ ಕೇಳುತ್ತಾರೆ. ಮಾರಲು ಬಯೋಡೀಸೆಲ್ಲಿಗೆ ಇರುವ ಐಎಸ್ 15607 ಅನ್ನುವ ಭಾರತೀಯ ಗುಣಮಟ್ಟ, ಪರೀಕ್ಷೆ, ನೋಂದಣಿ ಎಲ್ಲ ಬೇಕು, ನನ್ನ ಅಂಗಳದ ಡ್ರಮ್ಮಿಗೆ ಅದು ಸಾಧ್ಯವಿಲ್ಲ. ಮಾಡುವುದನ್ನು ಕಲಿಯುತ್ತೇವೆ ಅಂದವರಿಗೆ ಮಾತ್ರ ಮಳೆ ನಿಂತ ಮೇಲೆ ಬನ್ನಿ, ಕೈಗವಸು ತನ್ನಿ ಅಂತ ಹೇಳುತ್ತೇನೆ.