ಸರ್ಟಿಫಿಕೇಟ್ ಬರೆದೆ, ಬಿಲ್ಲೂ ಕಟ್ಟಿದೆ

"ಫೇಲಾದ್ರೆ ದುಡ್ಡು ವಾಪಸ್ ಬತ್ತಾ ತಮಾ?" ಸರ್ಟಿಫಿಕೇಟ್ ಪರೀಕ್ಷೆಯೊಂದನ್ನು ಬರೀತೇನೆ ಅಂದಾಗ ಅಡಿಕೆ ಸುಲಿಯುತ್ತಿದ್ದ ಅಪ್ಪಯ್ಯ ಕೈ ನಿಲ್ಲಿಸಿ ಕೇಳಿದ್ದು ಇಷ್ಟೇ. ಬರೋದಿಲ್ಲ. 14 ದಿನ ಕಾದು, ಪೂರ್ತಿ ಫೀಸು ಕಟ್ಟಿ ಮತ್ತೆ ಬರೆಯಬೇಕು. ಫೀಸೋ 150 ಡಾಲರ್, ಆಗ ತೆರಿಗೆ ಸೇರಿ ಹದಿನಾಲ್ಕು ಸಾವಿರ ಚಿಲ್ಲರೆ.

ಬಿಸಿಎ ಮುಗಿಸಿ ಶಿರಸಿಯಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದೆ. ಬೆಂಗಳೂರಿಗೆ ರೆಸ್ಯೂಮೆ ಕಳಿಸಿ ಕಳಿಸಿ ಸುಸ್ತಾಗಿತ್ತು. ಒಂದು ಫೋನೂ ಇಲ್ಲ. ಅದಕ್ಕೇ ಅಮೆಜಾನ್ ಕಂಪನಿಯ ಸರ್ವರ್‌ಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಎಡಬ್ಲ್ಯೂಎಸ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆ ಬರೆಯೋಣ ಅಂತ ಹೊರಟೆ.

ಗೆಳೆಯನೊಬ್ಬ 'ಡಂಪ್' ಕಳಿಸಿದ, ಅಂದರೆ ಕದ್ದ ಪ್ರಶ್ನೆಗಳ ಕಟ್ಟು. ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ರದ್ದು. ನಾನು ಖಾತೆ ತೆರೆದು ಕೈಯಾರೆ ಮಾಡಿ ಕಲಿತೆ. ಒಂದು ವಿಪಿಸಿ, ಅಂದರೆ ಅಲ್ಲಿ ನನ್ನದೇ ಒಂದು ಖಾಸಗಿ ನೆಟ್‌ವರ್ಕ್ ಕಟ್ಟಿ, ಹೊರಗಿನಿಂದ ನೇರ ಸಿಗದ ಪ್ರೈವೇಟ್ ಸಬ್‌ನೆಟ್‌ನೊಳಗಿನ ಸರ್ವರ್ ಅಪ್‌ಡೇಟ್ ಇಳಿಸಿಕೊಳ್ಳಲಿ ಅಂತ ಹೊರಗೆ ಹೋಗುವ ದಾರಿಯಾಗಿ ನ್ಯಾಟ್ ಗೇಟ್‌ವೇ ಇಟ್ಟೆ. ಆಮೇಲೆ ಸರ್ವರ್ ಅಳಿಸಿದೆ, ಗೇಟ್‌ವೇ ಮರೆತೆ. ಅದು ಪುಕ್ಕಟೆ ಪಟ್ಟಿಯಲ್ಲಿ ಇಲ್ಲ. ಬಳಸಲಿ ಬಿಡಲಿ, ಗಂಟೆ ಲೆಕ್ಕದಲ್ಲಿ ದುಡ್ಡು ಏರ್ತಾ ಇರ್ತದೆ, ನಿಲ್ಲಿಸಿಟ್ಟ ಬಾಡಿಗೆ ಕಾರಿನ ವೇಟಿಂಗ್ ಚಾರ್ಜ್ ಇದ್ದ ಹಾಗೆ. ತಿಂಗಳ ಕೊನೆಗೆ ಸಾವಿರದ ಆರುನೂರು ರೂಪಾಯಿ ಬಿಲ್ಲು! ಅಪ್ಪಯ್ಯನಿಗೆ ಇವತ್ತಿಗೂ ಹೇಳಿಲ್ಲ.

ಪರೀಕ್ಷೆಯನ್ನು ಮನೆಯಲ್ಲೇ ಕ್ಯಾಮೆರಾ ಮುಂದೆ ಕೂತು ಬರೆಯಬಹುದಿತ್ತು. ಆದರೆ ನಮ್ಮ ಕಡೆ ಮಳೆಗಾಲ ಗೊತ್ತಲ್ಲ, ತಂತಿ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರ್ತದೋ! ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಸೆಂಟರಿಗೆ ಹೋದೆ. 130 ನಿಮಿಷ, 65 ಪ್ರಶ್ನೆ. ಅದರಲ್ಲಿ 15ಕ್ಕೆ ಅಂಕವೇ ಇಲ್ಲ, ಯಾವ 15 ಅಂತ ಹೇಳೋದೂ ಇಲ್ಲ. 1000ಕ್ಕೆ 720 ಬಂದರೆ ಪಾಸು. ನನಗೆ 764.

ರೆಸ್ಯೂಮೆಯಲ್ಲಿ ಆ ಒಂದು ಸಾಲು ಸೇರಿಸಿದ ತಿಂಗಳೊಳಗೆ ಮೂರು ಕಡೆಯಿಂದ ಫೋನ್ ಬಂತು. ಎರಡು ಕಡೆ ಎಕ್ಸ್‌ಪೀರಿಯನ್ಸ್ ಎಷ್ಟು ಅಂತ ಕೇಳಿ ಹತ್ತು ನಿಮಿಷಕ್ಕೇ ಮುಗಿಸಿದರು. ಮೂರನೆಯವರು ಸರ್ಟಿಫಿಕೇಟ್ ಬಗ್ಗೆ ಮಾತೇ ಎತ್ತಲಿಲ್ಲ. "ನೀವೇ ಕೆಡಿಸಿದ್ದು ಏನಾದ್ರೂ ಇದ್ರೆ ಹೇಳಿ" ಅಂದರು. ಬಿಲ್ಲಿನ ಕಥೆ ಹೇಳಿದೆ. ನಕ್ಕರು. "ಈಗಾದ್ರೆ ಏನು ಮಾಡ್ತೀರಿ?" ಸರ್ವರ್ ಓಡಿಸುವ ಅಮೆಜಾನ್ ಲಿನಕ್ಸ್‌ನ ಅಪ್‌ಡೇಟ್‌ಗಳು ಇರುವುದು ಎಡಬ್ಲ್ಯೂಎಸ್‌ನದೇ ಫೈಲ್ ಉಗ್ರಾಣ ಎಸ್3ಯಲ್ಲಿ. ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್, ಅಂದರೆ ಒಳಗಿಂದಲೇ ಒಂದು ನೇರ ದಾರಿ ಹಾಕಿದರೆ ಸಾಕು, ಅದಕ್ಕೆ ದುಡ್ಡಿಲ್ಲ, ನ್ಯಾಟ್ ಬೇಕಾಗೋದೇ ಇಲ್ಲ ಅಂತ ಬೋರ್ಡ್ ಮೇಲೆ ಬರೆದು ತೋರಿಸಿದೆ. ಮೊದಲ ದಿನವೇ ಬಜೆಟ್ ಅಲರ್ಟ್ ಇಡ್ತೇನೆ ಅಂತಲೂ ಹೇಳಿದೆ. ಮುಕ್ಕಾಲು ಗಂಟೆ ಅದರ ಮೇಲೇ ಮಾತು. ಸಪೋರ್ಟ್ ಇಂಜಿನಿಯರ್ ಕೆಲಸ ಸಿಕ್ಕಿತು. ಸರ್ಟಿಫಿಕೇಟ್ ಇಲ್ಲದಿದ್ದರೆ ಆ ಕೋಣೆವರೆಗೆ ಹೋಗ್ತಿರಲಿಲ್ಲ, ಅದೂ ನಿಜವೇ.

ಈಗ ಊರಿಗೆ ಹೋದರೆ ಹುಡುಗರು ಯಾವ ಕೋರ್ಸ್ ಮಾಡೋದು ಅಂತ ಕೇಳ್ತಾರೆ. ಕೋಡ್ ಬರೆಯುವ ಕೆಲಸಕ್ಕೆ ಹೋಗುವವರಿಗೆ ಸರ್ಟಿಫಿಕೇಟ್ ಬೇಡ ಅಂತೇನೆ. ಬರೆದ ಕೋಡನ್ನು ಗಿಟ್‌ಹಬ್‌ನಲ್ಲಿ ತೋರಿಸಿದರೆ ಜಾಸ್ತಿ ಉಪಯೋಗ. ಚಿಕ್ಕಪ್ಪನ ಮಗನಿಗೆ ನೆಟ್‌ವರ್ಕಿಂಗ್ ಇಷ್ಟ, ಸಿಸ್ಕೋ ಕಂಪನಿಯ ಸಿಸಿಎನ್‌ಎ ಪರೀಕ್ಷೆ ಬರೀತೇನೆ ಅಂದ. ಅದಕ್ಕೆ 300 ಡಾಲರ್, ಮೂರೇ ವರ್ಷ ಬಾಳಿಕೆ. ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ಪುಕ್ಕಟೆ ಸಿಗ್ತದೆ, ಮೊದಲು ಅದರಲ್ಲಿ ಆರು ತಿಂಗಳು ಕೆಡಿಸು ಅಂದೆ. ಮೊನ್ನೆ ಭಾನುವಾರ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ. ಬೇರ್ಪಡಿಸಿಟ್ಟ ಎರಡು ನೆಟ್‌ವರ್ಕ್‌ಗಳ (ವಿಲ್ಯಾನ್) ನಡುವೆ ಪಿಂಗ್ ಸಂದೇಶ ಹೋಗ್ತಿಲ್ಲವಂತೆ.