ತಂಬಾಕಿನ ಎಲೆಯಲ್ಲಿ ಸ್ಯಾಲಿಸಿಲಿಕ್ ಆಮ್ಲದ ಕೆಲಸ: ನನ್ನ ಅನುಭವ

ಸ್ಯಾಲಿಸಿಲಿಕ್ ಆಮ್ಲವು ರೋಗಾಣುವನ್ನು ಕೊಲ್ಲುವ ಔಷಧವಲ್ಲ, ಗಿಡ ತನ್ನೊಳಗೇ ತಯಾರಿಸಿಕೊಳ್ಳುವ ಹಾರ್ಮೋನು ಎಂಬುದನ್ನು ಸಸ್ಯರೋಗಶಾಸ್ತ್ರದ ವಿದ್ಯಾರ್ಥಿಗಳಿಗೆ ಮನವರಿಕೆ ಮಾಡಿಕೊಡಲು ನಾನು ಕ್ಸಾಂಥಿ-ಎನ್‌ಸಿ ತಳಿಯ ತಂಬಾಕನ್ನು ಬಳಸುತ್ತ ಬಂದಿದ್ದೇನೆ. ಈ ತಳಿಯಲ್ಲಿ ಎನ್ ಎಂಬ ನಿರೋಧಕ ಜೀನ್ ಇರುವುದರಿಂದ, ಮೊಸಾಯಿಕ್ ನಂಜು (ವೈರಸ್) ತಗುಲಿದ ಜಾಗದ ಜೀವಕೋಶಗಳು ತಾವೇ ಸತ್ತು ನಂಜನ್ನು ಅಲ್ಲಿಯೇ ತಡೆಯುತ್ತವೆ. ಎರಡು ಮೂರು ದಿನಗಳಲ್ಲಿ ಎಲೆಯ ಮೇಲೆ ಎಣಿಸಬಹುದಾದ ಕಂದು ಚುಕ್ಕೆಗಳು ಮೂಡುತ್ತವೆ. 1979ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಆರ್.ಎಫ್. ವೈಟ್ ಅವರು ಇದೇ ತಳಿಯ ಎಲೆಗಳಿಗೆ ಸ್ಯಾಲಿಸಿಲಿಕ್ ಆಮ್ಲದಿಂದಲೇ ತಯಾರಾಗುವ ಆಸ್ಪಿರಿನ್‌ನ ದ್ರಾವಣವನ್ನು ಚುಚ್ಚಿ, ಚುಕ್ಕೆಗಳು ಬಹಳ ಕಡಿಮೆಯಾದುದನ್ನು ತೋರಿಸಿದ್ದರು.

ನಾನು ಬಳಸುವುದು ಸ್ಯಾಲಿಸಿಲಿಕ್ ಆಮ್ಲದ ಒಂದು ಮಿಲಿಮೋಲಾರ್ ದ್ರಾವಣ, ಅಂದರೆ ಲೀಟರಿಗೆ 138 ಮಿಲಿಗ್ರಾಂ. ಪುಡಿಯನ್ನು ನೇರವಾಗಿ ತಣ್ಣೀರಿಗೆ ಹಾಕಿದರೆ ಬಹಳ ಹೊತ್ತು ತೇಲುತ್ತದೆ. ಆದುದರಿಂದ ಮೊದಲು ತುಸು ಎಥನಾಲ್‌ನಲ್ಲಿ ಕರಗಿಸಿ, ಕಲಕುತ್ತಿರುವ ನೀರಿಗೆ ಹನಿಹನಿಯಾಗಿ ಸೇರಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನಿಂದ ಪಿಎಚ್ ಅನ್ನು 6.5ರ ಆಸುಪಾಸಿಗೆ ತರುತ್ತೇನೆ. ಹೋಲಿಕೆಯ ಗಿಡಗಳಿಗೂ ಅಷ್ಟೇ ಎಥನಾಲ್ ಬೆರೆಸಿ, ಅದೇ ಪಿಎಚ್‌ಗೆ ತಂದ ನೀರನ್ನು ಸಿಂಪಡಿಸದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಪ್ರಮಾಣವನ್ನು ಹಲವು ಪಟ್ಟು ಏರಿಸಿದರೆ ಎಲೆಯ ಅಂಚು ಸುಡುತ್ತದೆ, ಬೆಳವಣಿಗೆಯೂ ಕುಂಠಿತವಾಗುತ್ತದೆ.

ಸಿಂಪಡಿಸಿ ಎರಡು ಮೂರು ದಿನ ಬಿಟ್ಟು, ಎಲೆಯ ಮೇಲೆ ಸಣ್ಣ ಗೀರು ಮೂಡಿಸುವ ಕಾರ್ಬೊರಂಡಂ ಪುಡಿಯನ್ನು ತೆಳುವಾಗಿ ಉದುರಿಸಿ, ನಂಜುಳ್ಳ ಎಲೆಯ ರಸವನ್ನು ಬೆರಳ ತುದಿಯಿಂದ ಹಗುರವಾಗಿ ಸವರಿ, ತಕ್ಷಣ ನೀರಿನಿಂದ ತೊಳೆಯುತ್ತೇನೆ. ಆಮ್ಲ ಪಡೆದ ಎಲೆಗಳಲ್ಲಿ ಚುಕ್ಕೆಗಳು ವಿರಳವಾಗಿಯೂ ಸಣ್ಣದಾಗಿಯೂ ಇರುತ್ತವೆ. ನಂಜು ಸವರಿದ ಮೇಲೆ ತಡವಾಗಿ ಆಮ್ಲ ಸಿಂಪಡಿಸಿದ ಗಿಡಗಳಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಏಕೆಂದರೆ ಎನ್‌ಪಿಆರ್1 ಎಂಬ ಪ್ರೋಟೀನಿನ ಮೂಲಕ ರಕ್ಷಣೆಯ ಜೀನ್‌ಗಳು ಎಚ್ಚರಗೊಳ್ಳಲು ಗಿಡಕ್ಕೆ ಸಮಯ ಬೇಕು. ಈ ಪ್ರಯೋಗವನ್ನು ಬೇಸಗೆಯಲ್ಲಿ ಮಾಡಬಾರದು. ಉಷ್ಣಾಂಶ 28 ಡಿಗ್ರಿ ದಾಟಿತೆಂದರೆ ಎನ್ ಜೀನ್ ಸರಿಯಾಗಿ ಕೆಲಸ ಮಾಡದೆ, ಚುಕ್ಕೆ ಮೂಡುವ ಬದಲು ನಂಜು ಇಡೀ ಗಿಡಕ್ಕೆ ಹಬ್ಬುತ್ತದೆ.

ಹೊರಗಿನಿಂದ ಕೊಟ್ಟ ಆಮ್ಲ ಫಲ ನೀಡಿದ ಮಾತ್ರಕ್ಕೆ ಗಿಡದೊಳಗಿನ ಆಮ್ಲವೂ ಅದೇ ಕೆಲಸ ಮಾಡುತ್ತದೆಯೇ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಅದಕ್ಕೆ 1993ರಲ್ಲಿ ಉತ್ತರ ಸಿಕ್ಕಿದೆ: ಈ ಆಮ್ಲವನ್ನು ಕ್ಯಾಟೆಕಾಲ್ ಆಗಿ ಒಡೆಯುವ ಬ್ಯಾಕ್ಟೀರಿಯಾದ ಜೀನನ್ನು ತಂಬಾಕಿಗೆ ಸೇರಿಸಿದಾಗ, ಒಂದು ಎಲೆಗೆ ಸೋಂಕು ತಗುಲಿದ ಮೇಲೆ ಉಳಿದ ಎಲೆಗಳಿಗೂ ಬರಬೇಕಾದ ನಿರೋಧಕ ಶಕ್ತಿ ಬರಲೇ ಇಲ್ಲ.

ಟೊಮೆಟೊ ಬೆಳೆಗಾರರು ಇದನ್ನು ಕೇಳಿ, ಎಲೆ ಮುಟುರು ರೋಗ ಬಂದ ಗಿಡಕ್ಕೆ ಹೊಡೆಯಬಹುದೇ ಎಂದು ವಿಚಾರಿಸುತ್ತಾರೆ. ರೋಗ ಹಿಡಿದ ಗಿಡವನ್ನು ಇದು ಗುಣಪಡಿಸದು. ಅಲ್ಲದೆ, ಅಂಗಾಂಶವನ್ನು ಕೊಂದು ತಿನ್ನುವ ಶಿಲೀಂಧ್ರಗಳ ವಿರುದ್ಧ ಗಿಡಕ್ಕೆ ನೆರವಾಗುವ ಜಾಸ್ಮೋನಿಕ್ ಆಮ್ಲವನ್ನು ಸ್ಯಾಲಿಸಿಲಿಕ್ ಆಮ್ಲ ಸಾಮಾನ್ಯವಾಗಿ ಹತ್ತಿಕ್ಕುತ್ತದೆ. ಹಾಗಾಗಿ ಎಲ್ಲ ರೋಗಕ್ಕೂ ಒಂದೇ ಸಿಂಪಡಣೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಗೆ ನಾನು ಮೊದಲು ಹೇಳುವುದು, ಈ ರೋಗವನ್ನು ಹರಡುವ ಬಿಳಿನೊಣ ಒಳನುಗ್ಗದಂತೆ ಸಸಿಮಡಿಗೆ ನೈಲಾನ್ ಪರದೆ ಕಟ್ಟಿ ಎಂದು.