ಡಿಗ್ರಿ ಅರ್ಧಕ್ಕೆ ಬಿಟ್ಟು ಲಾ ಸೇರಬೇಕಾ? ಮೊದಲು ಲೆಕ್ಕ ಹಾಕಿ ನೋಡಿ

ಮೇ, ಜೂನ್ ಬಂತು ಅಂದರೆ ಸಾಗರ, ತೀರ್ಥಹಳ್ಳಿ, ಶಿಕಾರಿಪುರ ಕಡೆಯ ಹುಡುಗ ಹುಡುಗಿಯರು ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಕುವೆಂಪು ಯೂನಿವರ್ಸಿಟಿಯ ಯಾವುದೋ ಕಾಲೇಜಲ್ಲಿ ಬಿಕಾಂ ಸೇರಿ ಆಗಿದೆ. ಅಥವಾ ಬಿಎಸ್ಸಿ. ಅಥವಾ ಮನೆಯವರ ಒತ್ತಾಯಕ್ಕೆ ಇಂಜಿನಿಯರಿಂಗ್. ಮನಸ್ಸು ನಿಲ್ಲುತ್ತಿಲ್ಲ, ಇದನ್ನು ಬಿಟ್ಟು ಲಾ ಸೇರಿಬಿಡಲಾ ಅಂತ. ಶಿವಮೊಗ್ಗ ಕೋರ್ಟಿನಲ್ಲಿ ವಕೀಲಿಕೆ ಮಾಡುವವರನ್ನು ಹೀಗೆ ಕೇಳಿದರೆ ಅರ್ಧ ಜನ "ಸೇರು ಮಾರಾಯ" ಅನ್ನುತ್ತಾರೆ, ಇನ್ನರ್ಧ "ಬೇಡಪ್ಪಾ ಈ ಸಹವಾಸ" ಅನ್ನುತ್ತಾರೆ. ಎರಡರಿಂದಲೂ ನಿಮಗೆ ಉಪಯೋಗ ಇಲ್ಲ. ನಾನು ಕೇಳಿದವರಿಗೆ ಮೊದಲು ಒಂದು ಕಾಗದ, ಪೆನ್ನು ತಗೊಳ್ಳಿ ಅನ್ನುತ್ತೇನೆ.

ವರ್ಷದ ಲೆಕ್ಕ

ಲಾ ಓದಲು ಎರಡು ದಾರಿ. ಪಿಯುಸಿ ಆದಮೇಲೆ ನೇರ 5 ವರ್ಷದ ಕೋರ್ಸು, ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಅಂತೆಲ್ಲ ಬರುತ್ತಲ್ಲ, ಅದು. ಇನ್ನೊಂದು, ಯಾವುದಾದರೂ ಡಿಗ್ರಿ ಮುಗಿಸಿ 3 ವರ್ಷದ ಎಲ್‌ಎಲ್‌ಬಿ. ವಕೀಲರಾಗಿ ನೋಂದಾಯಿಸಿಕೊಳ್ಳಲು ಎರಡೂ ಒಂದೇ. ಸನ್ನದು, ಅಂದರೆ ವಕೀಲಿಕೆಯ ಲೈಸೆನ್ಸು, ಕೊಡುವಾಗ ನೀನು ಯಾವ ದಾರಿಯಲ್ಲಿ ಬಂದೆ ಅಂತ ಯಾರೂ ತಾರತಮ್ಯ ಮಾಡುವುದಿಲ್ಲ.

ಈಗ ನೋಡಿ. ನೀವು 2025ರಲ್ಲಿ ಬಿಕಾಂ ಸೇರಿದ್ದೀರಿ ಅಂದುಕೊಳ್ಳಿ. ಮೊದಲ ವರ್ಷ ಮುಗಿಸಿ 2026ರಲ್ಲಿ ಬಿಟ್ಟು 5 ವರ್ಷದ ಲಾ ಸೇರಿದರೆ 2031ಕ್ಕೆ ಹೊರಗೆ ಬರುತ್ತೀರಿ. ಬಿಡದೆ ಓದಿದರೆ 2028ಕ್ಕೆ ಬಿಕಾಂ, ಮೂರು ವರ್ಷ ಎಲ್‌ಎಲ್‌ಬಿ, ಅದೂ 2031ಕ್ಕೇ ಮುಗಿಯುತ್ತದೆ. ಸಮ ಸಮ! ಮೊದಲ ಸೆಮಿಸ್ಟರಿಗೇ ಬೇಜಾರಾಗಿ ಡಿಸೆಂಬರಿನಲ್ಲಿ ಕಾಲೇಜು ಬಿಟ್ಟರೂ ಅಡ್ಮಿಷನ್ ಸಿಗುವುದು ಮುಂದಿನ ವರ್ಷವೇ, ಹಾಗಾಗಿ ಲೆಕ್ಕ ಬದಲಾಗುವುದಿಲ್ಲ, ಸುಮ್ನೆ ಆರು ತಿಂಗಳು ಮನೆಯಲ್ಲಿ ಕೂತಿದ್ದಷ್ಟೇ ಲಾಭ. ಎರಡು ವರ್ಷ ಮುಗಿಸಿ ಬಿಟ್ಟರಂತೂ ಒಂದು ವರ್ಷ ನಷ್ಟ.

ಇಂಜಿನಿಯರಿಂಗ್‌ನವರದ್ದು ಸ್ವಲ್ಪ ಬೇರೆ, ಅದು ನಾಲ್ಕು ವರ್ಷ ಅಲ್ವಾ. ಮೊದಲ ವರ್ಷ ಮುಗಿದ ಕೂಡಲೇ ಬಿಟ್ಟರೆ ಒಂದು ವರ್ಷ ಉಳಿಯುತ್ತದೆ. ಎರಡು ವರ್ಷ ಆದಮೇಲೆ ಅವರಿಗೂ ಸಮ.

ಹಾಗಾದರೆ ಬಿಡುವುದರಿಂದ ಏನು ಸಿಕ್ಕಿತು? ಮೂರು ವರ್ಷದ ಡಿಗ್ರಿ ಓದುವವರಿಗೆ ಸಮಯದ ಲೆಕ್ಕದಲ್ಲಿ ಏನೂ ಇಲ್ಲ. ಬಿಡದಿದ್ದರೆ ಮಾತ್ರ ಮಧ್ಯದಲ್ಲಿ ಒಂದು ಡಿಗ್ರಿ ಕೈಗೆ ಬರುತ್ತದೆ. ಇದು ಸಣ್ಣ ವಿಷಯ ಅಲ್ಲ. 5 ವರ್ಷದ ಕೋರ್ಸಿಗೆ ಸೇರಿ ಮೂರನೇ ವರ್ಷಕ್ಕೆ ಲಾ ಕೂಡ ನಮಗಲ್ಲ ಅನ್ನಿಸಿದರೆ ಬಿಎ ಸರ್ಟಿಫಿಕೇಟ್ ಕೊಟ್ಟು ಕಳಿಸುವುದಿಲ್ಲ. ಕಾನೂನು ಓದಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದಲ್ಲೇ ಇದಕ್ಕೆ ತಡೆ ಇದೆ. ಮಧ್ಯದಲ್ಲಿ ಒಳಗೆ ಬರುವ ಹಾಗೂ ಇಲ್ಲ, ಅರ್ಧ ಓದಿ ಅರ್ಧ ಡಿಗ್ರಿ ತಗೊಂಡು ಹೋಗುವ ಹಾಗೂ ಇಲ್ಲ. "ನಾನು ಬಿಎ ಎರಡು ವರ್ಷ ಓದಿದ್ದೀನಲ್ಲ, ಲಾದಲ್ಲಿ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳಲ್ವಾ?" ಅಂತ ಕೇಳುವವರಿಗೂ ಉತ್ತರ ಇಲ್ಲೇ ಇದೆ. ಇಲ್ಲ. ಸೇರಿಸಿಕೊಳ್ಳುವುದಿಲ್ಲ. ಯಾರಾದರೂ ಏಜೆಂಟು ಮಾಡಿಸಿಕೊಡ್ತೀನಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮೂರು ವರ್ಷದ ಡಿಗ್ರಿಯಲ್ಲಿ ಇದ್ದು, ಓದಲು ತೀರಾ ಹಿಂಸೆ ಆಗದಿದ್ದರೆ ಮುಗಿಸಿ. ಬಿಡುವುದಕ್ಕೆ ಗಟ್ಟಿ ಕಾರಣ ಅಂದರೆ ಎರಡೇ: ಒಂದು, ಬ್ಯಾಕ್‌ಲಾಗ್ ಮೇಲೆ ಬ್ಯಾಕ್‌ಲಾಗ್ ಬಿದ್ದು ಆ ಡಿಗ್ರಿ ಮುಗಿಯುವ ಲಕ್ಷಣವೇ ಇಲ್ಲದಿರುವುದು. ಇನ್ನೊಂದು, ಒಳ್ಳೆಯ ರಾಷ್ಟ್ರೀಯ ಲಾ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿರುವುದು. ಸಿಕ್ಕಿರುವುದು ಅಂದೆ, ಸಿಗಬಹುದು ಅಂತಲ್ಲ. ಸೀಟು ಕೈಗೆ ಬರುವ ತನಕ ಇರುವ ಕಾಲೇಜಿಗೆ ಹೋಗುತ್ತಿರಿ.

ಬೆಂಗಳೂರಾ, ಇಲ್ಲೇನಾ

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ 5 ವರ್ಷದ ಕೋರ್ಸು ಅಂದರೆ ಕ್ಲಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಎರಡು ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಎಲ್ಲ ಇಂಗ್ಲಿಷಿನಲ್ಲಿ, ಉದ್ದುದ್ದ ಪ್ಯಾರಾ ಓದಿ ಉತ್ತರಿಸುವ ಥರ. ಪರೀಕ್ಷೆ ಹಿಂದಿನ ಡಿಸೆಂಬರಿಗೇ ಆಗಿಬಿಡುವುದರಿಂದ ಜೂನಿನಲ್ಲಿ ಎಚ್ಚರ ಆದರೆ ಆ ವರ್ಷದ ಸೀಟು ತಪ್ಪಿದ ಹಾಗೇ, ಮುಂದಿನ ವರ್ಷದ್ದಕ್ಕೆ ತಯಾರಿ ಮಾಡಬೇಕು. ಹತ್ತು ವರ್ಷ ಕರ್ನಾಟಕದಲ್ಲೇ ಓದಿದವರಿಗೆ ಅಲ್ಲಿ ಶೇ 25 ಮೀಸಲಾತಿ ಇದೆ, ನಮ್ಮ ಕಡೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಡಿಗ್ರಿ ಮುಗಿಸಿದವರಿಗೆ ಅಲ್ಲೇ 3 ವರ್ಷದ ಎಲ್‌ಎಲ್‌ಬಿಯೂ ಇದೆ, ಅದಕ್ಕೆ ಎನ್‌ಎಲ್‌ಸ್ಯಾಟ್ ಅನ್ನುವ ಬೇರೆ ಪರೀಕ್ಷೆ. ಅಂದರೆ ಬಿಕಾಂ ಬಿಡದೆಯೂ ಆ ಗೇಟಿನ ಒಳಗೆ ಹೋಗಬಹುದು. ಆದರೆ ಫೀಸು ಲಕ್ಷಗಳ ಮಾತು. ಅಡಿಕೆ ರೇಟು ನೋಡಿಕೊಂಡು ಮನೆಯಲ್ಲಿ ಮೊದಲೇ ಮಾತಾಡಿ.

ಉಳಿದವರೆಲ್ಲ ಸೇರುವುದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜುಗಳಿಗೆ. 2009ರಲ್ಲಿ ಶುರುವಾದ ಯೂನಿವರ್ಸಿಟಿ ಅದು. ಶಿವಮೊಗ್ಗದಲ್ಲೇ ಸಿಬಿಆರ್ ನ್ಯಾಷನಲ್ ಲಾ ಕಾಲೇಜು ಇದೆ, ದಾವಣಗೆರೆಯಲ್ಲಿ ಆರ್‌ಎಲ್ ಲಾ ಕಾಲೇಜು, ಘಟ್ಟ ಇಳಿದರೆ ಉಡುಪಿಯಲ್ಲಿ ವೈಕುಂಠ ಬಾಳಿಗಾ. ಇಲ್ಲಿಗೆ ಪ್ರವೇಶ ಪರೀಕ್ಷೆ ಇಲ್ಲ, ಅಂಕದ ಮೇಲೆ ಸೀಟು. ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ 45, ಹಿಂದುಳಿದ ವರ್ಗಕ್ಕೆ 42, ಎಸ್‌ಸಿ ಎಸ್‌ಟಿಗೆ 40. ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕ ನೋಡುತ್ತಾರೆ, ಮೂರು ವರ್ಷದ್ದಕ್ಕೆ ಡಿಗ್ರಿ ಅಂಕ. 44.9 ಇದ್ದರೆ 45 ಅಂತ ಯಾರೂ ಮಾಡಿಕೊಡುವುದಿಲ್ಲ. ಹಾಗಾಗಿ "ಹೇಗೂ ಲಾ ಸೇರ್ತೀನಿ" ಅಂತ ಡಿಗ್ರಿಯ ಕೊನೆಯ ಸೆಮಿಸ್ಟರುಗಳನ್ನು ಕಡೆಗಣಿಸಬೇಡಿ, ಅಲ್ಲೇ ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುವುದು.

ಕನ್ನಡ ಮೀಡಿಯಂನವರಿಗೆ ಒಂದು ಸಮಾಧಾನ. ಈ ಯೂನಿವರ್ಸಿಟಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಪ್ರಶ್ನೆಪತ್ರಿಕೆಯ ಮೇಲೆಯೇ ಇರುತ್ತದೆ, ಪೂರ್ತಿ ಕನ್ನಡ ಇಲ್ಲವೇ ಪೂರ್ತಿ ಇಂಗ್ಲಿಷ್, ಮಿಕ್ಸ್ ಮಾಡುವ ಹಾಗಿಲ್ಲ ಅಂತ. ತಾಲ್ಲೂಕು, ಜಿಲ್ಲಾ ಕೋರ್ಟಲ್ಲಿ ಕನ್ನಡದಲ್ಲಿ ಒಳ್ಳೆಯ ದಾವೆ ಬರೆಯಬಲ್ಲವರಿಗೆ ಬೆಲೆ ಇದ್ದೇ ಇದೆ. ಆದರೆ ಹೈಕೋರ್ಟ್, ಸುಪ್ರೀಂ ಕೋರ್ಟಿನ ತೀರ್ಪು ಓದಲು ಇಂಗ್ಲಿಷ್ ಬೇಕೇ ಬೇಕು. ಪರೀಕ್ಷೆ ಕನ್ನಡದಲ್ಲಿ ಬರೆಯಿರಿ, ಓದು ಎರಡರಲ್ಲೂ ಇರಲಿ.

ಕರೆಸ್ಪಾಂಡೆನ್ಸ್ ಎಲ್‌ಎಲ್‌ಬಿ ಅಂತ ಯಾರಾದರೂ ಹೇಳಿದರೆ, ಅದನ್ನಿಟ್ಟುಕೊಂಡು ವಕೀಲರಾಗಲು ಆಗುವುದಿಲ್ಲ. ರೆಗ್ಯುಲರ್ ಆಗಿಯೇ ಓದಬೇಕು, ಪ್ರತಿ ವಿಷಯಕ್ಕೂ ಶೇ 70 ಹಾಜರಾತಿ ಬೇಕು. ಕೊಯ್ಲಿನ ಎರಡು ತಿಂಗಳು ಊರಲ್ಲಿ ಕೂರುತ್ತೇನೆ ಅಂದರೆ ನಡೆಯುವುದಿಲ್ಲ.

ಕೋರ್ಟಿಗೆ ಹೋಗಿ ಕೂತು ನೋಡಿ

ಇದನ್ನು ಯಾರೂ ಮಾಡುವುದಿಲ್ಲ, ಮಾಡಬೇಕಾದ್ದು ಇದೇ. ಕೋರ್ಟು ಎಲ್ಲರಿಗೂ ತೆರೆದಿರುವ ಜಾಗ. ಬಾಲರಾಜ ಅರಸ್ ರಸ್ತೆಯ ಕೋರ್ಟಿಗೆ ಒಂದು ವಾರ ಹೋಗಿ. ಮೊಬೈಲ್ ಸೈಲೆಂಟ್ ಮಾಡಿ ಹಿಂದಿನ ಬೆಂಚಲ್ಲಿ ಕೂರಿ. ಯಾವ ಹಾಲಲ್ಲಿ ಯಾವ ಕೇಸು ಅಂತ ಇ-ಕೋರ್ಟ್ಸ್ ಆ್ಯಪಲ್ಲಿ ಸಿಗುತ್ತದೆ.

ಟಿವಿಯಲ್ಲಿ ನೋಡಿದ ವಾದ ವಿವಾದ ಅಲ್ಲಿ ಕಾಣಿಸುವುದಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಹೆಸರು ಕೂಗುತ್ತಾರೆ. ವಕೀಲರು ಎದ್ದು ಒಂದು ಮಾತು ಹೇಳುತ್ತಾರೆ, ಬೆಂಚ್ ಕ್ಲರ್ಕು ಮುಂದಿನ ತಾರೀಖು ಬರೆದುಕೊಳ್ಳುತ್ತಾರೆ, ಮುಗಿಯಿತು. ಸಾಕ್ಷಿ ಬಂದಿಲ್ಲ, ವಾಯಿದೆ. ಸಮನ್ಸು ಜಾರಿ ಆಗಿಲ್ಲ, ವಾಯಿದೆ. ನಡುವೆ ಒಂದು ಪಾಟೀ ಸವಾಲು, ಅಂದರೆ ಎದುರಿನ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ಶುರುವಾಗುತ್ತದೆ. ಕಟಕಟೆಯಲ್ಲಿ ಹೊಸನಗರದ ಕಡೆಯ ಅಜ್ಜಿ, ಕಾಗದಪತ್ರ ಒದ್ದೆಯಾಗದಂತೆ ಸುತ್ತಿಟ್ಟುಕೊಂಡ ಪ್ಲಾಸ್ಟಿಕ್ ಕೊಟ್ಟೆ ಕೈಯಲ್ಲೇ ಇದೆ. ತೋಟದ ಪಾಲಿನ ದಾವೆ. ಎದುರಿನ ವಕೀಲರು "ನಿಮ್ಮ ಮದುವೆ ಆಗಿ ಎಷ್ಟು ವರ್ಷ ಆಯ್ತು, ಮದುವೇಲಿ ಬಂಗಾರ ಕೊಟ್ಟಿದ್ರಲ್ಲ" ಅಂತ ಹೊರಡುತ್ತಾರೆ. ಆ ಪ್ರಶ್ನೆ ಯಾಕೆ ಕೇಳುತ್ತಿದ್ದಾರೆ, ಮುಂದೆ ಎಲ್ಲಿಗೆ ಒಯ್ಯುತ್ತಾರೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಮೇಲೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಆದಮೇಲೂ ಈ ಬಂಗಾರದ ಮಾತಿಗೆ ಏನು ತೂಕ, ಇದೆಲ್ಲ ತಲೆಯಲ್ಲಿ ಓಡಲು ಶುರುವಾಗಿ ಊಟದ ಹೊತ್ತು ಮೀರಿದ್ದೇ ಗೊತ್ತಾಗದಿದ್ದರೆ ನಿಮಗೆ ಲಾ ಹಿಡಿಸುತ್ತದೆ. ಹತ್ತು ನಿಮಿಷಕ್ಕೆ ಆಕಳಿಕೆ ಬಂದರೆ ಅದೂ ಒಂದು ಉತ್ತರವೇ. ವಾರಕ್ಕೆ ಬಸ್ ಚಾರ್ಜು ಬಿಟ್ಟರೆ ಖರ್ಚಿಲ್ಲ.

ಮಲೆನಾಡಿನಲ್ಲಿ ವಕೀಲಿಕೆ ಅಂದರೆ ಬಹುಪಾಲು ಜಮೀನು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಪಹಣಿ, ಪೋಡಿ, ಮ್ಯುಟೇಶನ್, ಬಗರ್‌ಹುಕುಂ ಅರ್ಜಿ, ಸೊಪ್ಪಿನಬೆಟ್ಟದ ತಕರಾರು. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಗೇಣಿದಾರರು ಜಮೀನಿನ ಹಕ್ಕು ಕೇಳಿ ಕೊಟ್ಟ ಏಳನೇ ನಂಬರ್ ಫಾರಂ ಇವತ್ತೂ ಮೊಮ್ಮಕ್ಕಳ ಕೇಸಿನಲ್ಲಿ ದಾಖಲೆಯಾಗಿ ಬರುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ, ಮುಳುಗಡೆಯವರ ಹಕ್ಕುಪತ್ರದ ಗೋಳು ಇನ್ನೂ ಮುಗಿದಿಲ್ಲ. ಅರಣ್ಯ ಹಕ್ಕು ಕಾಯ್ದೆ 2006ರದ್ದು, ಬುಡಕಟ್ಟಿನವರಲ್ಲದವರು ಅದರಲ್ಲಿ 75 ವರ್ಷದ ವಾಸಕ್ಕೆ ಸಾಕ್ಷ್ಯ ತೋರಿಸಬೇಕು. ಕಾಡಂಚಿನ ಮನೆಯಲ್ಲಿ ಅಷ್ಟು ಹಳೆಯ ಕಾಗದ ಎಲ್ಲಿಂದ ತರುವುದು? ಇಂಥದ್ದನ್ನು ಹುಡುಕುವುದರಲ್ಲಿ ರುಚಿ ಇರುವವರಿಗೆ ಇಲ್ಲಿ ಕೆಲಸ ಮುಗಿಯುವುದಿಲ್ಲ. ಕಡಿದಾಳ್ ಮಂಜಪ್ಪನವರೂ ವಕೀಲರಾಗಿದ್ದವರೇ, ಗೇಣಿ ಪ್ರಶ್ನೆಯಿಂದಲೇ ರಾಜಕೀಯದಲ್ಲಿ ಹೆಸರಾದವರು, 1956ರಲ್ಲಿ ಮುಖ್ಯಮಂತ್ರಿಯೂ ಆದರು. ಕಾರ್ಪೊರೇಟ್ ಲಾ, ಕಂಪನಿ, ಸ್ಟಾರ್ಟಪ್ ಅಂತ ಕನಸಿದ್ದರೆ ಮಾತ್ರ ಶಿವಮೊಗ್ಗ ಸಾಲದು, ಬೆಂಗಳೂರಿನ ಖರ್ಚು ಸೇರಿಸಿಯೇ ಲೆಕ್ಕ ಹಾಕಿ.

ಡಿಗ್ರಿ ಆದಮೇಲಿನ ಬಡತನ

ಇದನ್ನು ಕಾಲೇಜಿನವರು ಹೇಳುವುದಿಲ್ಲ. ಎಲ್‌ಎಲ್‌ಬಿ ಮುಗಿದ ದಿನ ದುಡಿಮೆ ಶುರುವಾಗುವುದಿಲ್ಲ. ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಇದರ ಫೀಸು ಮೊದಲು ಸಾವಿರಗಟ್ಟಲೆ ಇತ್ತು, ಕಾಯ್ದೆಯಲ್ಲಿ ಇರುವ 750 ರೂಪಾಯಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ, ಎಸ್‌ಸಿ ಎಸ್‌ಟಿಗೆ 125 ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿತು. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ, 100 ಪ್ರಶ್ನೆ, ನೋಂದಣಿಯಾದ ಎರಡು ವರ್ಷದೊಳಗೆ ಪಾಸಾಗಬೇಕು. ಆಮೇಲೆ ಸೀನಿಯರ್ ಆಫೀಸು. ಜಿಲ್ಲಾ ಕೇಂದ್ರದಲ್ಲಿ ಜೂನಿಯರಿಗೆ ಸಿಗುವುದು ಪೆಟ್ರೋಲ್ ಖರ್ಚು, ಕಾಫಿ ಖರ್ಚು. ಕೆಲವು ಸೀನಿಯರುಗಳು ಧಾರಾಳ, ಕೆಲವರು ಕಲಿಸುವುದೇ ಸಂಬಳ ಅನ್ನುತ್ತಾರೆ. ಸಮಾಜ ಕಲ್ಯಾಣ ಇಲಾಖೆಯಿಂದ ಎಸ್‌ಸಿ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಇದೆ, ಅರ್ಹರಿದ್ದರೆ ಬಿಡಬೇಡಿ. ಪೂರ್ಣಾವಧಿ ಸಂಬಳದ ಕೆಲಸ ಮಾಡಿಕೊಂಡೇ ಪ್ರಾಕ್ಟೀಸ್ ಮಾಡುತ್ತೇನೆ ಅನ್ನಲು ನಿಯಮ ಬಿಡುವುದಿಲ್ಲ.

"ನಾನು ಪ್ರಾಕ್ಟೀಸ್ ಮಾಡಲ್ಲ, ನೇರ ಜಡ್ಜ್ ಪರೀಕ್ಷೆ ಬರೀತೀನಿ" ಅನ್ನುವವರು ಇದನ್ನು ಎರಡು ಸಲ ಓದಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಅಂತ ತೀರ್ಪು ಕೊಟ್ಟಿತು. ಅಂದರೆ ಓದು, ಅದರ ಮೇಲೆ ಮೂರು ವರ್ಷ. ಮನೆಯವರ ಹತ್ತಿರ ಕೇಳಬೇಕಾದ ನಿಜವಾದ ಪ್ರಶ್ನೆ ಲಾ ಓದಿಸುತ್ತೀರಾ ಅಂತಲ್ಲ. ಓದಿದಮೇಲೂ ಮೂರು ನಾಲ್ಕು ವರ್ಷ ಊಟಕ್ಕೆ, ರೂಮಿಗೆ ಕೊಡುತ್ತೀರಾ ಅಂತ. ಇಲ್ಲ ಅಂದರೆ ಬಿಕಾಂ ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿ ದುಡ್ಡು ಕೂಡಿಟ್ಟು ಎಲ್‌ಎಲ್‌ಬಿ ಸೇರಿ. ಮೂವತ್ತಕ್ಕೆ ಸೇರಿದವರೂ ಕ್ಲಾಸಿನಲ್ಲಿ ಇರುತ್ತಾರೆ, ನಾಚಿಕೆ ಏನಿಲ್ಲ.

ಬಿಡುವುದೇ ಅಂತ ಆದರೆ

ಹೊಸ ಕಡೆ ಸೀಟು ಖಚಿತ ಆಗುವ ತನಕ ಟಿಸಿ ತಗೊಳ್ಳಬೇಡಿ. ಕುವೆಂಪು ಯೂನಿವರ್ಸಿಟಿಯಿಂದ ಕಾನೂನು ಯೂನಿವರ್ಸಿಟಿಗೆ ಹೋಗುವಾಗ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು. ಅದಕ್ಕೆ ಯೂನಿವರ್ಸಿಟಿ ಇರುವ ಶಂಕರಘಟ್ಟಕ್ಕೆ ಓಡಾಡುವುದು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಒಂದೇ ಸಲ ಎರಡು ರೆಗ್ಯುಲರ್ ಕೋರ್ಸಿಗೆ ದಾಖಲಾಗಿರಲು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ, ಹಾಗಾಗಿ ಹಳೆಯ ಕಾಲೇಜಿನಿಂದ ಹೆಸರು ಸರಿಯಾಗಿ ತೆಗೆಸಿ, ಬಾಯಿಮಾತಿಗೆ ಬಿಡಬೇಡಿ, ಅರ್ಜಿ ಕೊಟ್ಟು ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಕಟ್ಟಿದ ಫೀಸು ವಾಪಸ್ ಬರುತ್ತದಾ ಅನ್ನುವುದು ಬಿಡುವ ದಿನದ ಮೇಲೆ ನಿಂತಿದೆ. ಯುಜಿಸಿಯ 2018ರ ನಿಯಮದ ಪ್ರಕಾರ ಅಡ್ಮಿಷನ್ನಿನ ಕೊನೇ ದಿನ ದಾಟಿ 15 ದಿನದೊಳಗೆ ಬಿಟ್ಟರೆ ಶೇ 80, 30 ದಿನದೊಳಗೆ ಆದರೆ ಅರ್ಧ, ಆಮೇಲೆ ಏನೂ ಇಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಕೊಡುವುದಿಲ್ಲ ಅನ್ನುವ ಹಕ್ಕು ಕಾಲೇಜಿಗೆ ಇಲ್ಲ, ಅದೂ ಅದೇ ನಿಯಮದಲ್ಲಿದೆ. ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದು ಹೋಗಿ, ಮಾತು ಬೇಗ ಮುಗಿಯುತ್ತದೆ.

ಹಾಂ, ಸೀನಿಯರ್ಸ್ ಹತ್ತಿರ ಹಳೆಯ ಪುಸ್ತಕ ಕೊಳ್ಳುವಾಗ ನೋಡಿ ಕೊಳ್ಳಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸಿಆರ್‌ಪಿಸಿ ಮತ್ತು ಸಾಕ್ಷ್ಯ ಕಾಯ್ದೆಯೂ ಬದಲಾಗಿವೆ. ಅದಕ್ಕಿಂತ ಹಿಂದಿನ ಕ್ರಿಮಿನಲ್ ನೋಟ್ಸು ಅರ್ಧ ರೇಟಿಗೆ ಕೊಟ್ಟರೂ ಬೇಡ. ಕಾಂಟ್ರ್ಯಾಕ್ಟ್, ಸಂವಿಧಾನದ ಪುಸ್ತಕ ಹಳೆಯದಾದರೂ ನಡೆಯುತ್ತದೆ.